ತಿದ್ದುವುದಾದರೆ ನಮ್ಮ ಜ್ಯೋತಿಯನ್ನೇ ತಿದ್ದಿ

ಮಾನ್ಯ ಸಂಪಾದಕರೇ,

ಜೀನ್ ಎಡಿಟಿಂಗ್ ಮಾಡಿದ, ಅಂದರೆ ಗಿಡದ ಗುಣ ನಿರ್ಧರಿಸುವ ಜೀನುಗಳ ಕಡೆ ತಿದ್ದಿದ ಭತ್ತದ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬಂದ ಪತ್ರಗಳನ್ನು ಓದಿದೆ. ಕೆಲವರು ಇದು ಬಂದರೆ ರೈತರ ಕಷ್ಟವೆಲ್ಲ ಮುಗಿಯಿತು ಎಂದಿದ್ದಾರೆ. ಕೆಲವರು ಇದನ್ನು ಹತ್ತಿರ ಸೇರಿಸಲೇಬಾರದು ಎಂದಿದ್ದಾರೆ. ಈಗಲೂ ಭತ್ತ ಬೆಳೆಯುವ ಮನೆಯವರ ಮಾತೂ ಒಂದು ಬರಲಿ ಅಂತ ಈ ಪತ್ರ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಮನೆಯಲ್ಲಿ ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ನಮ್ಮ ಬೈಲಿನಲ್ಲಿ ಹಿಂದೆ ಎಲ್ಲರೂ ಗದ್ದೆ ಮಾಡುತ್ತಿದ್ದರು. ಈಗ ಮುಕ್ಕಾಲು ಪಾಲು ಅಡಿಕೆ ತೋಟ. ನಾವು ಮಳೆಗಾಲದ ಏಣೆಲು ಮತ್ತು ಅದರ ನಂತರದ ಸುಗ್ಗಿ, ಎರಡು ಬೆಳೆ ಮಾಡುತ್ತೇವೆ. ಬೀಜ ಆರಿಸುವುದು, ಒಣಗಿಸುವುದು, ಮುಂದಿನ ವರ್ಷಕ್ಕೆ ಕಟ್ಟಿಡುವುದು ನನ್ನ ಕೆಲಸ. ಜಾಸ್ತಿ ಇರುವುದು ಜ್ಯೋತಿ. ಕೆಂಪಕ್ಕಿ, ಕುಚ್ಚಿಲು ಮಾಡಿದರೆ ಗಂಜಿಗೆ ಅದರಷ್ಟು ರುಚಿ ಬೇರೆಯದಿಲ್ಲ. ಕೇರಳದ ಪಟ್ಟಾಂಬಿಯ ಭತ್ತ ಸಂಶೋಧನಾ ಕೇಂದ್ರದವರು ಎಪ್ಪತ್ತರ ದಶಕದಲ್ಲಿ ಕೊಟ್ಟ ತಳಿ ಅದು. ಅಲ್ಲಿಯದೇ ಪಿಟಿಬಿ 10 ಎಂಬ ತಳಿಗೆ ಐಆರ್ 8 ಎಂಬ ತಳಿಯನ್ನು ಕೂಡಿಸಿ ಮಾಡಿದ್ದು. ಇಷ್ಟು ವರ್ಷ ಆದರೂ ಜನ ಬಿಟ್ಟಿಲ್ಲ ಅಂದರೆ ಅದರಲ್ಲೇನೋ ಇದೆ ಅಲ್ವಾ?

ಈ ಜ್ಯೋತಿಗೇ ಎಲೆ ಒಣಗುವ ರೋಗ ಬಂದು ನಾವು ಸೋತಿದ್ದೇವೆ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ದುಂಡಾಣು ಎಲೆ ಅಂಗಮಾರಿ ಅಂತ ಹೆಸರು. ಆಷಾಢದ ಗಾಳಿ ಮಳೆ ಮುಗಿದು ಒಂದೆರಡು ದಿನ ಬಿಸಿಲು ಬಿದ್ದರೆ ಸಾಕು. ಎಲೆಯ ತುದಿಯಿಂದ ಹಳದಿ ಶುರುವಾಗುತ್ತದೆ. ಎರಡೂ ಅಂಚಿನಲ್ಲಿ ಅಂಕುಡೊಂಕಾಗಿ ಕೆಳಗೆ ಇಳಿಯುತ್ತದೆ. ಆಮೇಲೆ ಎಲೆ ಬೈಹುಲ್ಲಿನ ಬಣ್ಣಕ್ಕೆ ಬರುತ್ತದೆ. ಬೆಳಿಗ್ಗೆ ಬೇಗ ಹುಣಿಯ ಮೇಲೆ ನಡೆದರೆ ಎಲೆಯ ಅಂಚಿನಲ್ಲಿ ಮಂಕು ಬಿಳಿ ಹನಿ ಕಾಣುತ್ತದೆ. ಬಿಸಿಲೇರಿದಾಗ ಅದು ಒಣಗಿ ಸಣ್ಣ ಹಳದಿ ಕಾಳಾಗಿ ಅಂಟಿಕೊಳ್ಳುತ್ತದೆ. ಆ ಹನಿಯ ತುಂಬ ಬ್ಯಾಕ್ಟೀರಿಯಾ. ಮಳೆ ಹನಿ ಅದರ ಮೇಲೆ ಬಿದ್ದು ಸಿಡಿದರೆ ಪಕ್ಕದ ಗಿಡಕ್ಕೆ, ನೀರಿನಲ್ಲಿ ಹರಿದರೆ ಕೆಳಗಿನ ಗದ್ದೆಗೆ.

ರೋಗ ಇದೇ ಹೌದೋ ಅಂತ ಮನೆಯಲ್ಲೇ ನೋಡಬಹುದು. ಹಸಿರು ಮತ್ತು ಒಣಗಿದ ಭಾಗ ಸೇರುವ ಜಾಗದಲ್ಲಿ ಎಲೆಯನ್ನು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ಹಾಕಿ, ಕತ್ತರಿಸಿದ ತುದಿಯನ್ನು ನೀರಿನಲ್ಲಿ ಅದ್ದಿ ಅಲುಗಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ತುದಿಯಿಂದ ಬಿಳಿ ಎಳೆ ಕೆಳಗೆ ಇಳಿಯುತ್ತದೆ. ಆಮೇಲೆ ನೀರೆಲ್ಲ ಮಸುಕಾಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನ್ನ ಅತ್ತೆ ಮಾತಾಡದೆ ಲೋಟವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಅಷ್ಟು ಕಾಲ ಅವರು ಅದನ್ನು ಯೂರಿಯದ ಉಷ್ಣ ಅಂತಲೇ ತಿಳಿದಿದ್ದರು. ಯೂರಿಯ ಜಾಸ್ತಿಯಾದರೆ ರೋಗ ಜೋರಾಗುವುದು ನಿಜ. ಆದರೆ ಕಾರಣ ಯೂರಿಯ ಅಲ್ಲ.

ಇದಕ್ಕೆ ಮದ್ದು ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಕೃಷಿ ವಿಶ್ವವಿದ್ಯಾಲಯದವರು ಹೇಳುವ ಸಗಣಿ ನೀರನ್ನು ನಾವು ಹೊಡೆಯುತ್ತೇವೆ. ಲೀಟರಿಗೆ 20 ಗ್ರಾಂ ಹಸಿ ಸಗಣಿ ಕದಡಿ, ಮೇಲಿನ ತಿಳಿಯನ್ನು ಸೋಸಿ ಹೊಡೆಯುವುದು. ಗದ್ದೆಗೆ ನೀರು ಬರುವ ಕಂಡಿಯಲ್ಲಿ ಬ್ಲೀಚಿಂಗ್ ಪೌಡರಿನ ಗಂಟು ಇಡುವುದೂ ಉಂಟು. ಇವೆಲ್ಲ ರೋಗ ಹರಡುವುದನ್ನು ಸ್ವಲ್ಪ ತಡೆಯುತ್ತವೆ. ಹಿಡಿದ ಗಿಡ ಸರಿಯಾಗುವುದಿಲ್ಲ. ಪೇಟೆಯಲ್ಲಿ ಸಿಗುವ ಇನ್ನೊಂದು ಪುಡಿ ಇದೆ, ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ್ದು. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯಕ್ಕೆ ಕೊಡುವ ಔಷಧ. ಅದನ್ನು ಗದ್ದೆಗೆ ಸುರಿಯುತ್ತಾ ಹೋದರೆ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ನಾಳೆ ಆಸ್ಪತ್ರೆಯಲ್ಲಿ ಅದೇ ಔಷಧ ಕೆಲಸ ಮಾಡದೆ ಹೋಗಬಹುದು. ಕೃಷಿಯಲ್ಲಿ ಇವುಗಳ ಬಳಕೆ ನಿಲ್ಲಿಸಬೇಕು ಅಂತ 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೇ ಕರಡು ಆದೇಶ ಹೊರಡಿಸಿತ್ತು. ನಾವು ನಮ್ಮ ಗದ್ದೆಗೆ ಅದನ್ನು ಹಾಕುವುದಿಲ್ಲ.

ಹಾಗಾದರೆ ಉಳಿಯುವ ದಾರಿ ಒಂದೇ. ಗಿಡಕ್ಕೇ ತಡೆಯುವ ಶಕ್ತಿ ಇರಬೇಕು. ಇಲ್ಲಿಗೆ ಬಂದಾಗ ಜೀನ್ ಎಡಿಟಿಂಗ್ ನನಗೆ ಮುಖ್ಯ ಅನಿಸುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಪತ್ರಗಳಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಕೃಷಿ ವಿಜ್ಞಾನ ಓದಿದ ನಮ್ಮ ಮನೆಯ ಹುಡುಗಿ ನನಗೆ ಹೇಳಿಕೊಟ್ಟಂತೆ ಹೇಳುತ್ತೇನೆ.

ಈ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಗಿಡದ ಸಕ್ಕರೆ. ಭತ್ತದ ಜೀವಕೋಶದಿಂದ ಸಕ್ಕರೆಯನ್ನು ಹೊರಗೆ ಬಿಡುವ ಜೀನುಗಳಿವೆ. ಅವುಗಳಿಗೆ ಸ್ವೀಟ್ ಅಂತಲೇ ಹೆಸರು. ಗಿಡ ತನಗೆ ಬೇಕಾದಾಗ, ಬೇಕಾದ ಕಡೆ ಮಾತ್ರ ಅವನ್ನು ತೆರೆಯುತ್ತದೆ. ಬ್ಯಾಕ್ಟೀರಿಯಾ ಏನು ಮಾಡುತ್ತದೆ ಅಂದರೆ, ತನ್ನದೊಂದು ಪ್ರೋಟೀನನ್ನು ಜೀವಕೋಶದೊಳಗೆ ಚುಚ್ಚಿ ಬಿಡುತ್ತದೆ. ಅದು ಹೋಗಿ ಸ್ವೀಟ್ ಜೀನಿನ ಮುಂದಿನ ಒಂದು ಜಾಗದಲ್ಲಿ ಕೂತು ಜೀನನ್ನು ತೆರೆಸುತ್ತದೆ. ಉಗ್ರಾಣದ ಬೀಗಕ್ಕೆ ಕಳ್ಳ ಕೀಲಿ ಮಾಡಿಸಿಕೊಂಡ ಹಾಗೆ. ಸಕ್ಕರೆ ಹೊರಗೆ ಬರುತ್ತದೆ, ಬ್ಯಾಕ್ಟೀರಿಯಾ ತಿಂದು ಹೆಚ್ಚುತ್ತದೆ.

ವಿಜ್ಞಾನಿಗಳು ಆ ಪ್ರೋಟೀನು ಕೂರುವ ಜಾಗದ ಕೆಲವು ಡಿಎನ್‌ಎ ಅಕ್ಷರಗಳನ್ನು ಕ್ರಿಸ್ಪರ್ ಎಂಬ ಉಪಕರಣದಿಂದ ತಿದ್ದಿದರು. ಈಗ ಅದಕ್ಕೆ ಕೂರಲು ಜಾಗವಿಲ್ಲ, ಜೀನು ತೆರೆಯುವುದಿಲ್ಲ. ಜರ್ಮನಿಯ ಡ್ಯುಸೆಲ್ಡಾರ್ಫ್ ವಿಶ್ವವಿದ್ಯಾಲಯದ ವುಲ್ಫ್ ಫ್ರಾಮರ್, ಅಮೆರಿಕದ ಬಿಂಗ್ ಯಾಂಗ್ ಮೊದಲಾದವರು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಜೊತೆ ಸೇರಿ 2019ರಲ್ಲಿ ಇದನ್ನು ಪ್ರಕಟಿಸಿದರು. ಮೂರು ಸ್ವೀಟ್ ಜೀನುಗಳ ಮುಂದೆ ಐದು ಕಡೆ ತಿದ್ದಿದ್ದರು. ಐಆರ್ 64ರಂಥ, ರೈತರು ನಿಜವಾಗಿ ಬೆಳೆಯುವ ತಳಿಯಲ್ಲೇ ಮಾಡಿ ಗದ್ದೆಯಲ್ಲಿ ನೆಟ್ಟು ನೋಡಿದರು. ರೋಗ ನಿಂತಿತು.

ಇದರಲ್ಲಿ ನನಗೆ ತುಂಬ ಹಿಡಿಸಿದ ವಿಷಯ ಒಂದಿದೆ. ಇಂಥದೇ ಬದಲಾವಣೆ ಕೆಲವು ಹಳೇ ಭತ್ತದ ತಳಿಗಳಲ್ಲಿ ತಾನಾಗಿಯೇ ಆಗಿದೆ. ಎಕ್ಸ್‌ಎ13 ಅಂತ ವಿಜ್ಞಾನಿಗಳು ಕರೆಯುವ ರೋಗ ತಡೆಯುವ ಗುಣ ಅಂದರೆ ಒಂದು ಸ್ವೀಟ್ ಜೀನಿನ ಮುಂದಿನ ಅದೇ ಜಾಗ ಸ್ವಲ್ಪ ಬದಲಾಗಿರುವುದು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಲ್ಲಿಯದೇ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆ ಸೇರಿ, ಎಕ್ಸ್‌ಎ13, ಎಕ್ಸ್‌ಎ5 ಮತ್ತು ಎಕ್ಸ್‌ಎ21 ಮೂರನ್ನೂ ಸಾಂಬಾ ಮಸೂರಿಗೆ ಕೂಡಿಸಿ 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಕೊಟ್ಟರು. ಎಕ್ಸ್‌ಎ21 ಬಂದದ್ದು ಆಫ್ರಿಕದ ಮಾಲಿ ದೇಶದ ಕಾಡುಭತ್ತದಿಂದ. ಅದು ಎಡಿಟಿಂಗ್ ಅಲ್ಲ, ಮಾಮೂಲು ತಳಿ ಸಂಕರವೇ, ಜೀನು ಬಂತೋ ಇಲ್ಲವೋ ಅಂತ ಪ್ರತಿ ಪೀಳಿಗೆಯಲ್ಲೂ ಪರೀಕ್ಷೆ ಮಾಡಿ ಆರಿಸಿದ್ದು. ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. ಬೇರೆ ತಳಿಯ ಬೇಡದ ಗುಣಗಳೂ ಜೊತೆಗೆ ಬರುತ್ತವೆ. ಅವನ್ನು ಕಳೆಯಲು ಮತ್ತೆ ಮತ್ತೆ ಮೂಲ ತಳಿಗೆ ಕೂಡಿಸಬೇಕು. ಎಡಿಟಿಂಗಿನಲ್ಲಿ ಜ್ಯೋತಿ ಜ್ಯೋತಿಯಾಗಿಯೇ ಉಳಿದು, ತಿದ್ದಿದ ಜಾಗ ಮಾತ್ರ ಬದಲಾಗುತ್ತದೆ. ಅದೇ ಕೆಂಪು, ಅದೇ ರುಚಿ, ಅದೇ ಅವಧಿ. ನನಗೆ ಬೇಕಾದದ್ದು ಇದು.

ಜೀನನ್ನೇ ಪೂರ್ತಿ ಕಿತ್ತು ಹಾಕಿದರೆ ಆಗುವುದಿಲ್ಲವೇ ಅಂತ ಕೇಳಿದೆ. ಆಗುವುದಿಲ್ಲವಂತೆ. ಸ್ವೀಟ್11 ಎಂಬ ಜೀನು ಪರಾಗ ಬೆಳೆಯಲು ಬೇಕು. ಅದು ಕೆಲಸ ನಿಲ್ಲಿಸಿದರೆ ಜೊಳ್ಳು ಜಾಸ್ತಿಯಾಗುತ್ತದೆ. ಅದಕ್ಕೇ ಜೀನನ್ನು ಮುಟ್ಟದೆ ಅದರ ಮುಂದಿನ ಜಾಗವನ್ನು ಮಾತ್ರ ತಿದ್ದುತ್ತಾರೆ. ಇಷ್ಟು ಎಚ್ಚರ ಇಟ್ಟು ಮಾಡಿದ ಕೆಲಸವನ್ನು ಕಣ್ಣು ಮುಚ್ಚಿ ವಿಷ ಅಂದುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕುಲಾಂತರಿ ಬೆಳೆಗೂ ಇದಕ್ಕೂ ವ್ಯತ್ಯಾಸವಿದೆ. ಬಿಟಿ ಹತ್ತಿಯಲ್ಲಿ ಬೇರೆ ಜೀವಿಯ ಜೀನು ಸೇರಿ ಅಲ್ಲೇ ಉಳಿಯುತ್ತದೆ. ಇಲ್ಲಿ ತಿದ್ದುವ ಉಪಕರಣದ ಜೀನನ್ನು ಸಾಮಾನ್ಯವಾಗಿ ಮೊದಲು ಗಿಡದೊಳಗೆ ಹಾಕುತ್ತಾರೆ, ಕೆಲಸ ಆದ ಮೇಲೆ ಮುಂದಿನ ಪೀಳಿಗೆಯಲ್ಲಿ ಅದು ಇಲ್ಲದ ಗಿಡಗಳನ್ನು ಆರಿಸಿಕೊಳ್ಳುತ್ತಾರೆ. ಹಾಗೆ ಹೊರಗಿನ ಡಿಎನ್‌ಎ ಏನೂ ಉಳಿಯದ ಗಿಡಗಳಿಗೆ ಕುಲಾಂತರಿಗಳಿಗಾಗಿ ಇರುವ 1989ರ ನಿಯಮಗಳ ಕೆಲವು ಕಟ್ಟುಪಾಡುಗಳಿಂದ ಕೇಂದ್ರ ಸರಕಾರ 2022ರ ಮಾರ್ಚಿನಲ್ಲಿ ವಿನಾಯಿತಿ ಕೊಟ್ಟಿತು. ನನ್ನ ಮೊದಲ ತಕರಾರು ಇರುವುದು ಇಲ್ಲಿ. ವಿನಾಯಿತಿ ಕೊಡಲಿ. ಆದರೆ ಹೊರಗಿನದು ಏನೂ ಉಳಿದಿಲ್ಲ, ತಿದ್ದಬೇಕಾದ ಜಾಗ ಬಿಟ್ಟು ಬೇರೆ ಕಡೆ ಕತ್ತರಿ ಬಿದ್ದಿಲ್ಲ ಅಂತ ಪರೀಕ್ಷೆ ಮಾಡಿದ ಕಾಗದ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಮಾಡಿದವರು ಹೇಳಿದ್ದಾರೆ, ನಂಬಿ ಅಂದರೆ ಸಾಲದು.

ಬೇರೆ ಊರಿನವರಿಗೆ ಇದು ಅತಿ ಅನಿಸಬಹುದು. ಕಾಸರಗೋಡಿನವರಿಗೆ ಅನಿಸುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಬಾವಿಗೆ ಮುಚ್ಚಳ ಹಾಕಿ ಅಂತ ಹೇಳುತ್ತಿದ್ದರು, ಅಷ್ಟೇ. ಎಣ್ಮಕಜೆ, ಪಡ್ರೆ, ಸ್ವರ್ಗ ಕಡೆಯ ಮನೆಗಳಲ್ಲಿ ಏನಾಯಿತು ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಆದೇಶಿಸಿದ್ದು 2017ರಲ್ಲಿ. ಅದರ ನಂತರವೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದವರೆಗೆ ಹೋಗಿ ಧರಣಿ ಕೂರಬೇಕಾಯಿತು. ಇಷ್ಟನ್ನು ಕಂಡ ಜನ ಹೊಸದೊಂದು ಬಂದಾಗ ನೂರು ಪ್ರಶ್ನೆ ಕೇಳುತ್ತಾರೆ. ಕೇಳಲೇಬೇಕು.

ಆದರೆ ಓದುಗರೊಬ್ಬರು ಎಂಡೋಸಲ್ಫಾನನ್ನೂ ಈ ಭತ್ತವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಬರೆದದ್ದು ನನಗೆ ನೋವಾಯಿತು. ಎಂಡೋಸಲ್ಫಾನ್ ನಮ್ಮ ಮೇಲೆ ಬಿದ್ದ ಸಿಂಪಡಣೆ. ಈ ಭತ್ತ ಸಿಂಪಡಣೆಯೇ ಬೇಡದಂತೆ ಮಾಡುವ ಪ್ರಯತ್ನ. ಗದ್ದೆಗೆ ಔಷಧ ಹೊಡೆಯುವುದು ಕಡಿಮೆಯಾಗಬೇಕು ಅಂತ ಈ ದೇಶದಲ್ಲಿ ಯಾರಾದರೂ ಮೊದಲು ಕೇಳಬೇಕಾದರೆ ಅದು ನಾವೇ. ಅವತ್ತು ತಪ್ಪಾದದ್ದು ನಮ್ಮನ್ನು ಯಾರೂ ಕೇಳದೆ, ನಮಗೆ ಏನೂ ಹೇಳದೆ, ಎಲ್ಲೋ ಕೂತವರು ತೀರ್ಮಾನ ಮಾಡಿದ್ದು. ಇವತ್ತು ಅದು ಆಗಬಾರದು.

ಹೇಳುವ ವಿಷಯ ಬಂದಾಗ ಇನ್ನೊಂದು ಮಾತು. ನಮ್ಮ ಕಡೆ ಒಂದು ಬೆಳೆ ತರಬೇತಿಗೆ ಹೋಗಿದ್ದೆ. ಭಾಷಣ ಮಲಯಾಳದಲ್ಲಿ, ಕೈಗೆ ಕೊಟ್ಟ ಹಾಳೆಯೂ ಮಲಯಾಳದಲ್ಲಿ. ಮಾತು ನನಗೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಪ್ರಾಯದ ಇಬ್ಬರು ಹೆಂಗಸರಿಗೂ ಅಷ್ಟೇ. ಅವರು ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಯಾವ ಮದ್ದು ಎಷ್ಟು ಹಾಕಬೇಕು ಅಂತ ಓದಲಾಗದ ಹಾಳೆ ಇದ್ದೂ ಪ್ರಯೋಜನ ಇಲ್ಲ. ಜೀನ್ ಎಡಿಟ್ ಮಾಡಿದ ಬೀಜ ಈ ಜಿಲ್ಲೆಗೆ ಬರುವುದಾದರೆ ಬೀಜದ ಚೀಲದ ಮೇಲೆ ಅದು ಎಡಿಟ್ ಮಾಡಿದ್ದು ಅಂತ ಕನ್ನಡದಲ್ಲೂ ಅಚ್ಚಾಗಿರಬೇಕು. ಏನು ತಿದ್ದಿದ್ದಾರೆ, ಯಾಕೆ, ಯಾವ ರೋಗಕ್ಕೆ, ಯಾವುದಕ್ಕೆ ಉಪಯೋಗ ಇಲ್ಲ, ಎಲ್ಲ ಕನ್ನಡದಲ್ಲಿ ಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂದರೆ ಶಾಲೆ ಮತ್ತು ಕಚೇರಿಯ ಬೋರ್ಡು ಮಾತ್ರ ಅಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ದೆಹಲಿಯಲ್ಲಿ ಎರಡು ಎಡಿಟ್ ಮಾಡಿದ ಭತ್ತಗಳನ್ನು ಬಿಡುಗಡೆ ಮಾಡಿದರು. ಒಂದು ಕಮಲಾ, ಸಾಂಬಾ ಮಸೂರಿಯನ್ನು ತಿದ್ದಿ ಮಾಡಿದ್ದು. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1, ಎಂಟಿಯು 1010ನ್ನು ತಿದ್ದಿದ್ದು. ಮೊದಲನೆಯದು ಇಳುವರಿಗೆ, ಎರಡನೆಯದು ಬರ ಮತ್ತು ಉಪ್ಪುನೀರು ತಡೆಯಲು. ಎರಡೂ ನಮ್ಮ ಸರಕಾರಿ ಸಂಸ್ಥೆಗಳೇ ಮಾಡಿದ್ದು ಅನ್ನುವುದು ಸಂತೋಷ. ಆದರೆ ಎರಡೂ ಬಿಳಿ ಅಕ್ಕಿ, ಎರಡೂ ಆಂಧ್ರದ ಬಯಲಿನ ತಳಿಗಳು. ಎಲೆ ಒಣಗುವ ರೋಗಕ್ಕಾಗಿ ತಿದ್ದಿದ್ದೂ ಅಲ್ಲ. ಕರಾವಳಿಯಲ್ಲಿ ಕೆಂಪು ಕುಚ್ಚಿಲಕ್ಕಿ ತಿನ್ನುವ ಜನ ಎಷ್ಟಿದ್ದೇವೆ! ನಮ್ಮ ಲೆಕ್ಕ ಯಾರು ಮಾಡುತ್ತಾರೆ? ಪಟ್ಟಾಂಬಿ ಇದೆ, ನಮ್ಮ ಜಿಲ್ಲೆಯಲ್ಲೇ ಪಿಲಿಕ್ಕೋಡಿನ ಸಂಶೋಧನಾ ಕೇಂದ್ರ ಇದೆ. ಜ್ಯೋತಿಯನ್ನು, ಉಮಾ ಎಂಬ ಇನ್ನೊಂದು ಕೆಂಪಕ್ಕಿ ತಳಿಯನ್ನು ಎತ್ತಿಕೊಂಡು ಈ ಕೆಲಸ ಮಾಡಬೇಕಾದವರು ಅವರು. ಕೇರಳ ಹಿಂದಿನಿಂದಲೂ ಕುಲಾಂತರಿ ಬೆಳೆ ಬೇಡ ಅಂದ ರಾಜ್ಯ. ಎಡಿಟ್ ಮಾಡಿದ ಬೆಳೆಯ ಬಗ್ಗೆ ತನ್ನ ನಿಲುವೇನು ಅಂತ ಸರಕಾರ ರೈತರಿಗೆ ಬಿಡಿಸಿ ಹೇಳಲಿ.

ಅಡಿಕೆಯ ಹಳದಿ ಎಲೆ ರೋಗಕ್ಕೂ ಇದನ್ನು ಮಾಡಬಹುದಲ್ಲ ಅಂತ ನಮ್ಮ ಬೈಲಿನವರು ಕೇಳುತ್ತಾರೆ. ಅದೂ ಬ್ಯಾಕ್ಟೀರಿಯಾ ಜಾತಿಯ ಜೀವಿಯಿಂದ ಬರುವುದೇ ಹೌದು. ಆದರೆ ಅಡಿಕೆ ಮರ ಫಲ ಕೊಡಲು ಎಷ್ಟು ವರ್ಷ ಬೇಕು ಅಂತ ನಮಗೇ ಗೊತ್ತು. ಅದು ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಬೀಜದ ಹಕ್ಕಿನ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ಕ್ರಿಸ್ಪರ್ ಉಪಕರಣದ ಮುಖ್ಯ ಪೇಟೆಂಟುಗಳು ವಿದೇಶದ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಕೈಯಲ್ಲಿವೆ. ಪ್ರಯೋಗಶಾಲೆಯಲ್ಲಿ ಬಳಸುವುದು ಬೇರೆ, ಬೀಜ ಮಾಡಿ ಮಾರುವುದು ಬೇರೆ. ಆ ಒಪ್ಪಂದದಲ್ಲಿ ಏನಿದೆ ಅಂತ ರೈತರಿಗೆ ಗೊತ್ತಾಗಬೇಕು. ನಮ್ಮ ದೇಶದ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡಿನ ಹೆಸರು ಹಾಕದೆ ಮಾರುವ ಹಕ್ಕನ್ನು ನಮಗೆ ಕೊಟ್ಟಿದೆ. ತಿದ್ದಿದ ಜ್ಯೋತಿಯ ಬೀಜವನ್ನು ನಾನು ನನ್ನ ಮನೆಯಲ್ಲಿ ಕಟ್ಟಿಟ್ಟು ಮುಂದಿನ ಏಣೆಲಿಗೆ ಬಿತ್ತಬಹುದು, ನೆರೆಮನೆಗೆ ಒಂದು ಸೇರು ಕೊಡಬಹುದು ಅಂತ ಬರಹದಲ್ಲಿ ಬೇಕು. ಕಟಕ್‌ನ ನಮ್ಮದೇ ಭತ್ತ ಸಂಶೋಧನಾ ಸಂಸ್ಥೆಯವರು ಟಿಎನ್‌ಪಿಬಿ ಎಂಬ ಬೇರೆ ಉಪಕರಣದಿಂದ ಭತ್ತವನ್ನು ತಿದ್ದಿ ತೋರಿಸಿದ್ದಾರೆ. ಅಂಥ ಕೆಲಸಕ್ಕೆ ಜಾಸ್ತಿ ಹಣ ಕೊಡಿ ಅಂತ ನಮ್ಮ ಸಂಸದರು ಕೇಳಬೇಕು.

ಹಾಗಂತ ಹಳೇ ತಳಿಗಳನ್ನು ಮರೆಯುವ ಮಾತೇ ಇಲ್ಲ. ನಮ್ಮ ಜಿಲ್ಲೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಸಂಗ್ರಹದಲ್ಲಿ ರೋಗ ತಡೆಯುವ ಯಾವ ಗುಣ ಅಡಗಿದೆಯೋ! ಎಡಿಟಿಂಗ್ ಮಾಡುವವರು ಮೊದಲು ಅಲ್ಲಿ ಹೋಗಿ ಕಲಿಯಬೇಕು. ಯಾಕೆಂದರೆ ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ. ಆಫ್ರಿಕದ ತಾಂಜಾನಿಯಾದಲ್ಲಿ ಏಷ್ಯಾದಿಂದ ಹೋದ ಹೊಸ ಬಗೆಯ ಬ್ಯಾಕ್ಟೀರಿಯಾ ಕಾಣಿಸಿಕೊಂಡಾಗ, ಅದಕ್ಕೆ ತಕ್ಕಂತೆ ಅಲ್ಲಿಯ ಕೊಂಬೊಕಾ ತಳಿಯನ್ನು ಮತ್ತೆ ಬೇರೆಯಾಗಿ ತಿದ್ದಬೇಕಾಯಿತು. 2023ರಲ್ಲಿ ಅದರ ವರದಿ ಬಂತು. ಅಂದರೆ ಒಮ್ಮೆ ತಿದ್ದಿ ಕೈ ತೊಳೆದುಕೊಂಡರೆ ಆಗಲಿಲ್ಲ. ನಮ್ಮ ಬೈಲಿನಲ್ಲಿ ಯಾವ ಬಗೆಯ ಬ್ಯಾಕ್ಟೀರಿಯಾ ಇದೆ ಅಂತ ವರ್ಷ ವರ್ಷ ಎಲೆ ತೆಗೆದುಕೊಂಡು ಹೋಗಿ ನೋಡುವವರು ಬೇಕು. ತಡೆಯುವ ತಳಿ ಬಂದರೂ ಯೂರಿಯ ಹಿತಮಿತವಾಗಿರಬೇಕು. ನೇಜಿ ನೆಡುವಾಗ ತುದಿ ಚಿವುಟುವ ರೂಢಿಯನ್ನೂ ಬಿಡಬೇಕು. ಆ ಗಾಯದಿಂದಲೇ ರೋಗ ಒಳಗೆ ಹೋಗುತ್ತದೆ.

ಕೊನೆಗೆ ನನ್ನ ಬೇಡಿಕೆ ಇಷ್ಟು. ಕೃಷಿ ವಿಶ್ವವಿದ್ಯಾಲಯದವರು ಜ್ಯೋತಿಯಲ್ಲಿ ಈ ಕೆಲಸ ಕೈಗೆತ್ತಿಕೊಳ್ಳಲಿ. ಪರೀಕ್ಷೆಯನ್ನು ಸಂಶೋಧನಾ ಕೇಂದ್ರದ ಬೇಲಿಯೊಳಗೆ ಮುಗಿಸದೆ, ನಿಯಮಗಳನ್ನು ಪಾಲಿಸಿ, ಮಂಜೇಶ್ವರದಿಂದ ಹೊಸದುರ್ಗದವರೆಗೆ ರೈತರ ಗದ್ದೆಗಳಲ್ಲೂ ಮಾಡಲಿ. ಭತ್ತ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ, ಆದರೂ ಹಳೇ ತಳಿ ಬೆಳೆಯುವವರ ಗದ್ದೆಯಿಂದ ದೂರ ಇಡಲಿ. ನೆಡುವ ಮೊದಲು ಗ್ರಾಮಸಭೆಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ವಿವರ ಹೇಳಿ ಒಪ್ಪಿಗೆ ಪಡೆಯಲಿ. ಕೊಯ್ಲಿನ ನಂತರ ಇಳುವರಿ, ರೋಗ, ಅನ್ನದ ರುಚಿ ಎಲ್ಲದರ ಲೆಕ್ಕವನ್ನು, ಸೋತಿದ್ದರೆ ಸೋತ ಲೆಕ್ಕವನ್ನೂ, ಪಂಚಾಯತ್ ಬೋರ್ಡಿನಲ್ಲಿ ಹಾಕಲಿ. ಇಷ್ಟಕ್ಕೆ ಒಪ್ಪಿ ಬರುವವರಿಗೆ ನಮ್ಮ ಗದ್ದೆಯ ತೋಡಿನ ಬದಿಯ ಎರಡು ಮಡಿಯನ್ನು ಏಣೆಲಿನ ಒಂದು ಬೆಳೆಗೆ ಬಿಟ್ಟುಕೊಡಲು ನಾನು ತಯಾರಿದ್ದೇನೆ. ಅಲ್ಲಿಗೆ ಮೇಲಿನ ಗದ್ದೆಗಳ ನೀರೆಲ್ಲ ಬರುತ್ತದೆ, ರೋಗವೂ ಮೊದಲು ಅಲ್ಲಿಗೇ ಬರುತ್ತದೆ. ತಳಿ ತಡೆಯುತ್ತದೋ ಇಲ್ಲವೋ ನೋಡಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮಲ್ಲಿ ಬೇರೆ ಇಲ್ಲ.

ಇತಿ,
ಗದ್ದೆ ಬೇಸಾಯ ಮಾಡುವ ಓದುಗರಲ್ಲೊಬ್ಬಳು
ಬದಿಯಡ್ಕ, ಕಾಸರಗೋಡು ಜಿಲ್ಲೆ